ಪಂಚರು, ಮಹಜರು ಮತ್ತು ಹೆಣ ಕಾಯುವ ತೋಟಿ

ನಮ್ಮ ತಾತ ಊರಿನ ತೋಟಿಯಾಗಿದ್ದ. ಮಧುಗಿರಿ ತಾಲ್ಲೂಕಿನ ನಮ್ಮೂರಲ್ಲಿ ಕಂದಾಯದ ಕಾಲಕ್ಕೆ ಕೇರಿಕೇರಿ ತಿರುಗಿ ಕೂಗುವುದು, ಶಾನುಭೋಗರ ಲೆಕ್ಕದ ಗಂಟು ಹೊತ್ತು ತಾಲ್ಲೂಕು ಕಚೇರಿಗೆ ನಡೆಯುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿಯನ್ನು ನೆಂಟರ ಊರಿಗೆ ಮುಟ್ಟಿಸುವುದು, ಇವೆಲ್ಲ ಅವನ ಪಾಲಿನ ಕೆಲಸ. ಆದರೆ ಮೊಮ್ಮಕ್ಕಳಾದ ನಾವು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದದ್ದು ಹೆಣ ಕಾಯುವ ಕತೆಗಳನ್ನು. ಬಾವಿಗೆ ಬಿದ್ದವರು, ಹುಣಸೆಮರಕ್ಕೆ ನೇತುಬಿದ್ದವರು, ನೀರಿನ ಜಗಳದಲ್ಲಿ ಮಚ್ಚಿನೇಟು ತಿಂದವರು. ಠಾಣೆಯಿಂದ ಜಮೇದಾರರು ಬರುವುದಕ್ಕೆ ಒಂದು ದಿನವೂ ಆಗಬಹುದು, ಎರಡು ದಿನವೂ ಆಗಬಹುದು. ಅಲ್ಲಿಯವರೆಗೆ ಹೆಣ ಇದ್ದ ಜಾಗದಲ್ಲೇ ಇರಬೇಕು. ಅದರ ಜೊತೆ ತೋಟಿಯೂ ಇರಬೇಕು.

"ಬೆಂಕಿ ಹಾಕ್ಕಂಡು ಕೂತ್ಕಂತಿದ್ದೆ ಕಣಪ್ಪ. ನರಿ ಬಂದ್ರೆ ಕೊಳ್ಳಿ ಬೀಸ್ತಿದ್ದೆ. ಬೆಳಗಾಗೋಗಂಟ ಅದ್ರ ಮಖ ನೋಡ್ಕಂಡೇ ಇರ್ಬೇಕು. ಎಲ್ಲಿ ಏಟು ಬಿದ್ದೈತೆ, ಎಲ್ಲಿ ಬಾತೈತೆ ಅಂತ ನಂಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗ್ತದೆ?"

"ಪೊಲೀಸ್ನೋರು ನಿನ್ನ ಕೇಳ್ತಿರ್ಲಿಲ್ವಾ ತಾತ?" ಎಂದು ನಾನೊಮ್ಮೆ ಕೇಳಿದ್ದೆ. ಆಗಿನ್ನೂ ಹೈಸ್ಕೂಲಿನಲ್ಲಿದ್ದೆ.

"ಮಾತಾಡುಸ್ತಿದ್ರು. ಎತ್ತಲಾ ಅಂತಿದ್ರು, ಎತ್ತುತಿದ್ದೆ. ತಿರುಗ್ಸಲಾ ಅಂತಿದ್ರು, ತಿರುಗುಸ್ತಿದ್ದೆ."

ಈ ಎರಡು ಮಾತು, 'ಎತ್ತಲಾ', 'ತಿರುಗ್ಸಲಾ', ನನ್ನ ತಲೆಯಲ್ಲಿ ಐವತ್ತು ವರ್ಷದಿಂದ ಕೂತಿವೆ. ದಲಿತ ವಿಮರ್ಶೆಯ ವಿಶೇಷ ಸಂಚಿಕೆಗೆ ಪೊಲೀಸು ಮಹಜರಿನ ಬಗ್ಗೆ ಬರೆಯುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾವ್ಯ, ಕಾದಂಬರಿ, ಆತ್ಮಕತೆಗಳ ಬಗ್ಗೆ ನಾವು ಸಾಕಷ್ಟು ಜಗಳವಾಡಿದ್ದೇವೆ. ಆದರೆ ನಮ್ಮ ಕೇರಿಗಳ ಬಗ್ಗೆ ಬರೆಯಲ್ಪಟ್ಟ ಪಠ್ಯಗಳಲ್ಲಿ ಅತ್ಯಂತ ಹೆಚ್ಚಿನವು ಸಾಹಿತಿಗಳು ಬರೆದವಲ್ಲ, ದಫೇದಾರರು ಬರೆದವು. ಒಬ್ಬ ಜೀತದಾಳಿನ ಹೆಸರು, ಅವನ ಅಪ್ಪನ ಹೆಸರು, ಅವನ ಅಂದಾಜು ವಯಸ್ಸು, ಉಟ್ಟಿದ್ದ ಬಟ್ಟೆಯ ಬಣ್ಣ, ಮೈಮೇಲಿನ ಹಚ್ಚೆ ಇಷ್ಟೂ ಒಂದೇ ಕಡೆ ಬರಹಕ್ಕೆ ಇಳಿದದ್ದು ಅವನು ಸತ್ತ ಮೇಲೆ, ಶವ ಪಂಚನಾಮೆಯಲ್ಲಿ. ಅದನ್ನು ಓದುವುದನ್ನು ಕಲಿಯದೆ ನಮ್ಮ ಹತ್ತೊಂಬತ್ತನೆಯ ಶತಮಾನವನ್ನಾಗಲಿ ಇಪ್ಪತ್ತನೆಯದನ್ನಾಗಲಿ ಓದುತ್ತೇವೆ ಅನ್ನುವುದು ಕಷ್ಟ.

ಮೊದಲು ಕಾಯಿದೆಯ ಕತೆ. ಇಂಗ್ಲೆಂಡಿನಲ್ಲಿ ಅಸಹಜ ಸಾವು ಸಂಭವಿಸಿದರೆ ವಿಚಾರಣೆ ಮಾಡಲು ಕಾರೋನರ್ ಎಂಬ ಅಧಿಕಾರಿ ಇದ್ದ. ಊರಿನ ಜನರನ್ನೇ ಜ್ಯೂರಿಯಾಗಿ ಕೂರಿಸಿಕೊಂಡು, ಹೆಣವನ್ನು ಕಣ್ಣಾರೆ ತೋರಿಸಿ, ಸಾವು ಹೇಗಾಯಿತೆಂದು ಅವರಿಂದ ತೀರ್ಮಾನ ಹೇಳಿಸುತ್ತಿದ್ದ. ಬ್ರಿಟಿಷರು ಹೋದ ಕಡೆಗೆಲ್ಲ ಇದು ಹೋಯಿತು, ಅಮೆರಿಕದ ದಕ್ಷಿಣದ ರಾಜ್ಯಗಳಿಗೂ ಹೋಯಿತು. ಇಂಡಿಯಾದಲ್ಲಿ ಮಾತ್ರ ದೊಡ್ಡ ಪಟ್ಟಣಗಳನ್ನು ದಾಟಲಿಲ್ಲ. 1871ರ ಕಾರೋನರ್ ಕಾಯಿದೆ ಕಲ್ಕತ್ತ ಮತ್ತು ಬೊಂಬಾಯಿಗಳಿಗೆ ಉಳಿಯಿತು. ಹಳ್ಳಿಗಾಡಿಗೆ ಕೊಟ್ಟದ್ದು ಪೊಲೀಸರನ್ನು. ಹಳ್ಳಿಯವನ ಸಾವಿಗೆ ಜ್ಯೂರಿ ಬೇಕಿಲ್ಲ, ಪಂಚರು ಸಾಕು ಎಂದಾಯಿತು.

1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 174ನೇ ಕಲಮು ಹೇಳುವುದು ಇಷ್ಟು: ಅನುಮಾನಾಸ್ಪದ ಸಾವಿನ ಸುದ್ದಿ ಬಂದರೆ ಠಾಣೆಯ ಅಧಿಕಾರಿ ಸ್ಥಳಕ್ಕೆ ಹೋಗಬೇಕು, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥ ನಿವಾಸಿಗಳ ಸಮಕ್ಷಮ ತನಿಖೆ ಮಾಡಬೇಕು, ಗಾಯ, ಮೂಳೆ ಮುರಿತ, ತರಚು ಎಲ್ಲ ಬರೆದು, ಯಾವ ಆಯುಧದಿಂದ ಹೇಗೆ ಆದಂತೆ ಕಾಣುತ್ತದೆ ಎಂದು ವರದಿ ಮಾಡಬೇಕು. 'ಗೌರವಸ್ಥ' ಎಂಬ ಮಾತನ್ನು ಗಮನಿಸಿ. ಬ್ರಿಟಿಷರು ಹೋದರು, ಸಂವಿಧಾನ ಬಂತು, 1973ರಲ್ಲಿ ಕೋಡು ಹೊಸದಾಯಿತು, ಕಲಮಿನ ನಂಬರೂ ಬದಲಾಗಲಿಲ್ಲ, ಮಾತೂ ಬದಲಾಗಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 194ನೇ ಕಲಮಾಗಿದೆ. ವರದಿಯನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಕಳಿಸಬೇಕೆಂದು ಸೇರಿಸಿದ್ದಾರೆ. ಗೌರವಸ್ಥರು ಇದ್ದಲ್ಲೇ ಇದ್ದಾರೆ. ವಸಾಹತುಶಾಹಿಯನ್ನು ಕಿತ್ತೊಗೆದೆವು ಎಂದು ಹೇಳಿಕೊಂಡ ಕಾಯಿದೆಗೂ ಈ ಮಾತು ಮುಳ್ಳಾಗಿ ಕಾಣಲಿಲ್ಲ.

ಮೈಸೂರು ಸೀಮೆಯ ಹಳ್ಳಿಯಲ್ಲಿ ಗೌರವಸ್ಥ ಯಾರು? ಕಾಯಿದೆ ಜಾತಿಯ ಹೆಸರೆತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ. ಪಟೇಲರು ಚಾವಡಿ ಜಗುಲಿಯ ಮೇಲೆ ಯಾರನ್ನು ಕೂರಿಸುತ್ತಾರೋ ಅವರು. ಶಾನುಭೋಗರು ಬರೆಯುತ್ತಾರೆ, ಪಂಚರು ರುಜು ಹಾಕುತ್ತಾರೆ. ತೋಟಿ ಹೊಲೆಯನೋ ಮಾದಿಗನೋ ಆಗಿರುತ್ತಿದ್ದ, ಅವನು ಜಗುಲಿಯ ಕೆಳಗೆ. ಹೀಗೆ ನೋಡುವ ಕೆಲಸ ಮತ್ತು ಮುಟ್ಟುವ ಕೆಲಸ ಎರಡೂ ಬೇರೆಯಾದವು. ಮುಟ್ಟಿದವನ ಕಣ್ಣು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬಂದ ಕಣ್ಣು ಮುಟ್ಟುವುದಿಲ್ಲ. ಗಾಯದ ಆಳ ಎಷ್ಟು ಎಂದು ಬೆರಳಿಟ್ಟು ನೋಡದೆ ಬರೆಯುವುದು ಹೇಗೆ? ಬರೆದರು. ನೂರೈವತ್ತು ವರ್ಷ ಬರೆದರು.

ಇಲ್ಲಿ ಒಂದು ವಿಚಿತ್ರವಿದೆ. ಇದೇ ಸೀಮೆಯಲ್ಲಿ ಹೊಲೆಯನ ಮಾತಿಗೆ ಬೆಲೆಯಿದ್ದ ಒಂದು ಜಾಗವೂ ಇತ್ತು. 1873ರಲ್ಲಿ ಮೈಸೂರಿನ ಅಧಿಕಾರಿ ಕ್ಯಾಪ್ಟನ್ ಮೆಕೆಂಜಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಕುಳವಾಡಿಯ ಬಗ್ಗೆ ಬರೆದಿದ್ದಾನೆ. ಎರಡು ಊರುಗಳ ನಡುವೆ ಎಲ್ಲೆಯ ಜಗಳ ಬಂದರೆ ತೀರ್ಮಾನ ಹೇಳುವವನು ಹೊಲೆಯರ ಕುಳವಾಡಿ. ಊರಿನ ಮಣ್ಣಿನಿಂದ ಉಂಡೆ ಮಾಡಿ, ನಡುವೆ ನೀರು ತುಂಬಿ, ಅದನ್ನು ಹೊತ್ತು ಎಲ್ಲೆಯುದ್ದಕ್ಕೂ ಅವನು ನಡೆಯಬೇಕು. ತಪ್ಪು ನಡೆದರೆ ಉಂಡೆ ಒಡೆಯುತ್ತದೆ ಎಂಬ ನಂಬಿಕೆ. ಊರಿಗೆ ಊರೇ ಅವನ ಹಿಂದೆ ನಡೆಯುತ್ತಿತ್ತು. ಮಣ್ಣಿನ ಸಾಕ್ಷಿಯಾಗಿ ಅವನು ಸತ್ಯವಂತ. ಅದೇ ಮಣ್ಣಿನ ಮೇಲೆ ಬಿದ್ದ ಹೆಣಕ್ಕೆ ಅವನು ಬರೀ ಕಾವಲು. ನಮ್ಮ ಕೆಲವು ಹಿರಿಯ ವಿದ್ವಾಂಸರು ಕುಳವಾಡಿಯ ಈ ಗೌರವವನ್ನು ಎತ್ತಿ ಹೇಳಿ, ನೋಡಿ ಹಳೆಯ ವ್ಯವಸ್ಥೆಯಲ್ಲಿ ನಿಮಗೂ ಸ್ಥಾನವಿತ್ತು ಅನ್ನುತ್ತಾರೆ. ಸ್ಥಾನವಿತ್ತು, ನಿಜ. ಎಲ್ಲೆ ಗುರುತಿಸಿ ಕೊಟ್ಟ ಮೇಲೆ ಒಳಗಿನ ಹೊಲ ಯಾರದಾಯಿತು ಅನ್ನುವುದನ್ನು ಮಾತ್ರ ಅವರು ಹೇಳುವುದಿಲ್ಲ.

ಎಲ್ಲೆ ಮತ್ತು ಹೆಣ ಎರಡೂ ಕೂಡಿದ್ದು ಪಾವಗಡದ ಕಡೆ. ಆ ತಾಲ್ಲೂಕಿನ ಬಹುಪಾಲು ಸುತ್ತಲೂ ಇಂದಿನ ಆಂಧ್ರವಿದೆ. ಹಿಂದೆ ಅದು ಮದ್ರಾಸು ಪ್ರೆಸಿಡೆನ್ಸಿ. ಅನಂತಪುರ ಜಿಲ್ಲೆಯಾದದ್ದು 1882ರಲ್ಲಿ. ಈ ಕಡೆ ಮಹಾರಾಜರ ಪೊಲೀಸು, ಆ ಕಡೆ ಕಂಪನಿಯ ವಾರಸುದಾರರ ಪೊಲೀಸು. ನಮ್ಮ ಅಜ್ಜಿಯ ತವರು ಅಲ್ಲಿ. ಹೊಲದಲ್ಲಿ ಹೆಣ ಬಿದ್ದರೆ ಊರಿಗೆ ಠಾಣೆಯ ಕಾಟ, ದಫೇದಾರರ ಊಟ, ಕುದುರೆಗೆ ಹುರುಳಿ. ಆದ್ದರಿಂದ ರಾತ್ರೋರಾತ್ರಿ ಅದನ್ನು ಸರಹದ್ದಿನ ಕಲ್ಲಿನ ಆಚೆಗೆ ಸಾಗಿಸಿಬಿಡುವುದಿತ್ತು ಎಂದು ಅವಳು ತೆಲುಗು ಬೆರೆಸಿದ ಕನ್ನಡದಲ್ಲಿ ಹೇಳುತ್ತಿದ್ದಳು. ಕತ್ತಲಲ್ಲಿ ಕಲ್ಲು ಎಲ್ಲಿದೆಯೆಂದು ಗೊತ್ತಿರುವವನು ಯಾರು? ಹೆಣ ಮುಟ್ಟಬಲ್ಲವನು ಯಾರು? ಎರಡಕ್ಕೂ ಒಬ್ಬನೇ. ಹೀಗೆ ಸಾಗಿಸಿದ ಹೆಣದ ಮಹಜರು ಎಷ್ಟು ಸುಳ್ಳಿರುತ್ತದೆ ಎಂದು ಲೋಕದಲ್ಲಿ ಬಲ್ಲವನೂ ಅವನೊಬ್ಬನೇ.

ಎಲ್ಲ ಸಾವಿಗೂ ಮಹಜರು ಆಗುತ್ತಿತ್ತೆಂದಲ್ಲ. 1876ರಿಂದ 78ರವರೆಗಿನ ಬರವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರ ಅನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷಕ್ಕೂ ಕಡಿಮೆಯಾಗಿದ್ದರು. ಆ ಕಾಲದ ಸರ್ಕಾರಿ ಮರಣದ ಲೆಕ್ಕಗಳಲ್ಲಿ ಕಾಲರಾ, ಸಿಡುಬು, ಜ್ವರ, ಭೇದಿ, ಗಾಯ, ಇತರೆ ಎಂಬ ಕಲಮುಗಳಿರುತ್ತಿದ್ದವು. ಹಸಿವು ಎಂಬ ಕಲಮು ಇಲ್ಲ. ದಾರಿ ಬದಿಯಲ್ಲಿ ಬಿದ್ದವನನ್ನು ಭೇದಿಗೆ ಸೇರಿಸಿದರೆ ಲೆಕ್ಕ ಮುಗಿಯಿತು. ಹಸಿವಿನಿಂದ ಸತ್ತವನಿಗೆ ಕೊಂದವನಿರುವುದಿಲ್ಲ ಎಂಬುದು ಸರ್ಕಾರದ ತರ್ಕ. ಕಣಜದಲ್ಲಿ ರಾಗಿ ಇಟ್ಟುಕೊಂಡವರೂ ಕಂದಾಯ ಎತ್ತಿದವರೂ ಆಯುಧ ಹಿಡಿದಿರಲಿಲ್ಲವಲ್ಲ!

ಇನ್ನು ಮಹಜರಿನ ಭಾಷೆ. ನಮ್ಮಲ್ಲಿ ಛಂದಸ್ಸಿನ ಬಗ್ಗೆ ಇಷ್ಟೊಂದು ಬರೆದಿದ್ದಾರೆ, ಈ ಗದ್ಯದ ಕಟ್ಟಿನ ಬಗ್ಗೆ ಬರೆದವರಿಲ್ಲ. ಶವವು ಉತ್ತರಕ್ಕೆ ತಲೆ, ದಕ್ಷಿಣಕ್ಕೆ ಕಾಲಾಗಿ ಅಂಗಾತ ಬಿದ್ದಿರುತ್ತದೆ. ಕಣ್ಣು ಅರೆ ಮುಚ್ಚಿರುತ್ತವೆ. ಮೃತನು ಹೊಟ್ಟೆನೋವು ತಾಳಲಾರದೆ ಜೀವನದಲ್ಲಿ ಜಿಗುಪ್ಸೆಗೊಂಡಿರುತ್ತಾನೆ, ಇಲ್ಲವೆ ಆಕಸ್ಮಿಕವಾಗಿ ಕಾಲುಜಾರಿರುತ್ತಾನೆ. ಕೊನೆಗೆ, ಮೃತನ ಸಾವಿನ ಬಗ್ಗೆ ಯಾರ ಮೇಲೂ ಯಾವುದೇ ಅನುಮಾನ ಇರುವುದಿಲ್ಲ. ಶಿರಾ ಹೆದ್ದಾರಿಯ ಪಕ್ಕದ ಹೆಣಕ್ಕೂ ಕೊರಟಗೆರೆಯ ಬೆಟ್ಟದ ತಪ್ಪಲಿನ ಹೆಣಕ್ಕೂ ಇದೇ ವಾಕ್ಯಗಳು. ನಮ್ಮ ನಾಲ್ಕು ತಾಲ್ಲೂಕಿನ ಬಡವರಿಗೆ ಇರುವಷ್ಟು ಹೊಟ್ಟೆನೋವು ಲೋಕದಲ್ಲಿ ಬೇರೆ ಯಾರಿಗೂ ಇರಲಾರದು. ಸಾಲ, ಒದೆ, ಅವಮಾನ, ಬೇರೆ ಜಾತಿಯ ಹುಡುಗಿ, ಎಲ್ಲವೂ ಹೊಟ್ಟೆಯಲ್ಲೇ ನೋಯುತ್ತವೆ.

ತಾತ ಹೇಳುತ್ತಿದ್ದ ಕತೆಗಳಲ್ಲಿ ಒಂದನ್ನು ಅವನು ನಗದೆ ಹೇಳುತ್ತಿದ್ದ. ಸ್ವಾತಂತ್ರ್ಯಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು. ನಮ್ಮ ಕೇರಿಯ ಒಬ್ಬ ಜೀತದಾಳು ಒಡೆಯರ ತೋಟದ ಕಪಿಲೆ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ. ಬಾವಿಗಿಳಿದು ಎತ್ತಿದವನು ತಾತ. ಎರಡು ರಾತ್ರಿ ಕಾದವನೂ ಅವನೇ. ಕತ್ತಿನ ಹಿಂದೆ ಬೆರಳಿನ ಗುರುತುಗಳಿದ್ದವು, ನೀರು ಕುಡಿದವನ ಹೊಟ್ಟೆಯ ಹಾಗೆ ಹೊಟ್ಟೆ ಉಬ್ಬಿರಲಿಲ್ಲ. ಮೂರನೇ ದಿನ ಜಮೇದಾರರು ಬಂದರು. ಪಂಚರಾದವರು ಒಡೆಯರ ದಾಯಾದಿಯೊಬ್ಬರು, ಮತ್ತೊಬ್ಬರು ಅಂಗಡಿ ಶೆಟ್ಟರು. ಹೆಣದಿಂದ ಹತ್ತು ಮಾರು ದೂರದಲ್ಲಿ ಹೊಂಗೆಮರದ ನೆರಳಲ್ಲಿ ಕೂತಿದ್ದರು. ಬರೆದದ್ದನ್ನು ಓದಿ ಹೇಳಿದರು: ಮೃತನು ನೀರು ಕುಡಿಯಲು ಬಾವಿಗೆ ಇಳಿದು ಕಾಲುಜಾರಿ ಬಿದ್ದು ಸತ್ತಿರುತ್ತಾನೆ.

"ಅಲ್ಲ ಕಣಪ್ಪ, ಆ ಬಾವೀಲಿ ನಮ್ಮೋರು ನೀರು ಕುಡಿಯಂಗೇ ಇರ್ಲಿಲ್ಲ. ಹೆಣ ಎತ್ತಕ್ಕೆ ಇಳೀಬೌದು, ನೀರು ಕುಡಿಯಕ್ಕೆ ಇಳಿಯಂಗಿಲ್ಲ. ಅದು ಜಮೇದಾರ್ರಿಗೂ ಗೊತ್ತು, ಪಂಚ್ರಿಗೂ ಗೊತ್ತು. ಬರಕಂಡ್ರು."

ಹೆಣ ಮಣ್ಣು ಮಾಡಿದ ಮಾರನೇ ದಿನ ಒಡೆಯರು ಎರಡು ಜೊತೆ ಎತ್ತು ಕಟ್ಟಿ ಬಾವಿಯ ನೀರನ್ನೆಲ್ಲ ಕಪಿಲೆಯಲ್ಲಿ ಎತ್ತಿಸಿ ಹೊರಗೆ ಚೆಲ್ಲಿಸಿದರು, ಗಂಜಳ ಹಾಕಿಸಿದರು. ಬಾವಿ ಮೈಲಿಗೆಯಾಗಿತ್ತು. ಇಡೀ ಊರು ಎದುರಿಗೆ ನಿಂತು ನೋಡಿದ ಈ ಶುದ್ಧಿಯೇ ಮಹಜರಿನ ವಾಕ್ಯವನ್ನು ಸುಳ್ಳು ಮಾಡುತ್ತಿತ್ತು. ಮುಟ್ಟಲೂ ಬಿಡದ ಬಾವಿಗೆ ಒಬ್ಬ ಹೊಲೆಯ ಹಗಲು ಹೊತ್ತಿನಲ್ಲಿ ಕುಡಿಯಲು ಇಳಿದ ಎಂದು ಬರೆದರೆ ಅದನ್ನು ಓದುವ ಮ್ಯಾಜಿಸ್ಟ್ರೇಟರಿಗೆ ಒಂದು ಪ್ರಶ್ನೆಯಾದರೂ ಹುಟ್ಟಬೇಡವೆ? ಹುಟ್ಟಲಿಲ್ಲ. ಅಸ್ಪೃಶ್ಯತೆ ಊರಿನ ಆಚಾರವಾಗಿತ್ತೇ ಹೊರತು ಪೊಲೀಸು ಸಾಕ್ಷ್ಯವಾಗಿರಲಿಲ್ಲ. ಇತಿಹಾಸಕಾರನ ಕೈಗೆ ನಾಳೆ ಆ ಕಾಗದ ಸಿಕ್ಕಿದರೆ, ನಮ್ಮ ಸೀಮೆಯಲ್ಲಿ 1940ರ ಸುಮಾರಿಗೇ ದಲಿತರು ತೋಟದ ಬಾವಿಗಳ ನೀರು ಕುಡಿಯುತ್ತಿದ್ದರು ಎಂದು ಅವನು ಟಿಪ್ಪಣಿ ಮಾಡಿಕೊಂಡರೂ ಆಶ್ಚರ್ಯವಿಲ್ಲ.

ರಣಜಿತ್ ಗುಹಾ 1987ರಲ್ಲಿ ಬರೆದ 'ಚಂದ್ರಾಳ ಸಾವು' ಎಂಬ ಲೇಖನವನ್ನು ನಮ್ಮ ಸಬಾಲ್ಟರ್ನ್ ಮಿತ್ರರು ಮೆಚ್ಚಿ ಉದ್ಧರಿಸುತ್ತಾರೆ. 1849ರಲ್ಲಿ ಬಂಗಾಳದ ಬಾಗ್ದಿ ಜಾತಿಯ ಒಬ್ಬ ಹೆಣ್ಣುಮಗಳು ಗರ್ಭಪಾತದಲ್ಲಿ ಸತ್ತದ್ದರ ಬಗ್ಗೆ ಮನೆಯವರು ಕೊಟ್ಟ ಹೇಳಿಕೆಗಳ ಚೂರನ್ನು ಹಿಡಿದು ಗುಹಾ ಒಂದು ಲೋಕವನ್ನೇ ಕಟ್ಟುತ್ತಾರೆ. ನನಗೂ ಅದು ಮೆಚ್ಚುಗೆಯೇ. ಆದರೆ ಅಲ್ಲಿ ಕೆಳಜಾತಿಯವರ ಮಾತು, ಆರೋಪಿಗಳ ಮಾತಾಗಿಯಾದರೂ, ಕಾಗದದಲ್ಲಿ ಉಳಿದಿತ್ತು. ತಾತನದು ಹೇಳಿಕೆಯೇ ಅಲ್ಲ. ಕಾಗದದಲ್ಲಿ ಹುಡುಕಿದರೆ ಅವನು ಸಿಕ್ಕುವುದಿಲ್ಲ. ಕನ್ನಡದಲ್ಲಿ ಈ ಕೊರತೆಯನ್ನು ಮೊದಲು ಅರಿತದ್ದು ಇತಿಹಾಸವಲ್ಲ, 'ಕುಸುಮಬಾಲೆ'. 1984ರ ಆ ಕೃತಿಯಲ್ಲಿ ಚೆನ್ನನ ಕೊಲೆಯಾಗುತ್ತದೆ. ಅಲ್ಲಿ ರಾತ್ರಿ ಹೊತ್ತು ಸೇರಿ ಊರಿನ ಸುದ್ದಿ ಮಾತಾಡುವವರು ಮನೆಮನೆಯ ದೀಪದ ಜೋತಮ್ಮಗಳು. ಅದನ್ನು ಮಾಂತ್ರಿಕ ವಾಸ್ತವವಾದ ಎಂದು ಕರೆದ ವಿಮರ್ಶಕರ ಮೇಲೆ ನನಗೆ ಸಿಟ್ಟಿಲ್ಲ. ಮನುಷ್ಯರು ಸಾಕ್ಷಿ ಹೇಳಲಾಗದ ಊರಲ್ಲಿ ದೀಪಗಳೇ ಹೇಳಬೇಕಾಗುತ್ತದೆ ಎಂಬುದು ಮಾಂತ್ರಿಕವಲ್ಲ, ಬರೀ ವಾಸ್ತವ.

ಮಹಜರು ಬರೆಯುವ ಕೈ ಬೇರೆಯಾದರೆ ಏನಾಗುತ್ತದೆ? ಇದಕ್ಕೆ ಉದಾಹರಣೆ ದೂರದಲ್ಲಿ ಸಿಕ್ಕುತ್ತದೆ. ಕಾರೋನರ್ ಪದ್ಧತಿ ಹೋದ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪುಗಟ್ಟಿ ಕೊಂದಾಗ, ಬಿಳಿಯರ ಜ್ಯೂರಿ ಸೇರಿ 'ಅಪರಿಚಿತ ವ್ಯಕ್ತಿಗಳ ಕೈಯಿಂದ ಸಾವು' ಎಂದು ತೀರ್ಮಾನ ಬರೆಯುವುದು ರೂಢಿಯಾಗಿತ್ತು. ನಮ್ಮ ಹೊಟ್ಟೆನೋವಿನ ಹಾಗೆ ಅದು ಅವರ ಸಿದ್ಧವಾಕ್ಯ. ಆದರೆ 1876ರ ಜುಲೈ 8ರಂದು, ನಮ್ಮಲ್ಲಿ ಬರ ಶುರುವಾದ ವರ್ಷವೇ, ದಕ್ಷಿಣ ಕೆರೊಲಿನಾದ ಹ್ಯಾಂಬರ್ಗ್ ಎಂಬ ಸಣ್ಣ ಊರಿನಲ್ಲಿ ಬಿಳಿಯರ ಗುಂಪು ಆರು ಮಂದಿ ಕಪ್ಪು ಗಂಡಸರನ್ನು ಕೊಂದಿತು. ಕೆಲವರನ್ನು ಸೆರೆಹಿಡಿದ ಮೇಲೆ ಒಬ್ಬೊಬ್ಬರನ್ನಾಗಿ ಎಳೆದು ಕೊಂದರು. ಅಲ್ಲಿನ ಮ್ಯಾಜಿಸ್ಟ್ರೇಟನಾಗಿದ್ದವನು ಪ್ರಿನ್ಸ್ ರಿವರ್ಸ್. ಗುಲಾಮನಾಗಿದ್ದವನು, ಬಂಡಿ ಓಡಿಸುತ್ತಿದ್ದವನು, ಅಂತರ್ಯುದ್ಧದಲ್ಲಿ ಓಡಿಬಂದು ಸೈನ್ಯ ಸೇರಿ ಸಾರ್ಜೆಂಟಾದವನು. ಹೆಣಗಳ ಮೇಲೆ ಅವನು ವಿಚಾರಣೆ ಕೂಡಿಸಿದ. ಅದರಲ್ಲಿ ಅಪರಿಚಿತರು ಇರಲಿಲ್ಲ. 94 ಬಿಳಿಯರ ಮೇಲೆ ಆರೋಪ ಹೊರಿಸಲಾಯಿತು.

ಒಬ್ಬರಿಗೂ ಶಿಕ್ಷೆಯಾಗಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. ಆರೋಪಿಗಳಲ್ಲಿ ಒಬ್ಬನಾದ ಮ್ಯಾಥ್ಯೂ ಬಟ್ಲರ್ ಮರುವರ್ಷವೇ ಅಮೆರಿಕದ ಸೆನೆಟ್ ಸದಸ್ಯನಾದ. ರಿವರ್ಸ್ ಅಧಿಕಾರ ಕಳೆದುಕೊಂಡು ಮತ್ತೆ ಬಂಡಿ ಓಡಿಸಿಕೊಂಡಿದ್ದು 1887ರಲ್ಲಿ ತೀರಿಕೊಂಡ. ಹಾಗಾದರೆ ಏನು ದಕ್ಕಿತು ಎಂದು ಕೇಳಬಹುದು. ಹೆಸರುಗಳು ದಕ್ಕಿದವು. ಕೊಂದವರ ಹೆಸರು ಇವತ್ತಿಗೂ ಓದಬಹುದು. ನಮ್ಮ ತೋಟದ ಬಾವಿಗೆ ಅಷ್ಟೂ ಇಲ್ಲ.

ನಮ್ಮಲ್ಲಿ ಕಾಯಿದೆಗಳು ಬರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಅಂಬೇಡ್ಕರರು 1928ರಲ್ಲೇ ಬೊಂಬಾಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದಿದ್ದರು. ಊರಿನ ಬಿಟ್ಟಿ ಚಾಕರಿಯೇ ನಮ್ಮ ಜನರ ಕೊರಳ ಕುಣಿಕೆಯೆಂದು ಅವರಿಗೆ ಗೊತ್ತಿತ್ತು. ಇಲ್ಲಿ ಗ್ರಾಮ ಅಧಿಕಾರಗಳ ರದ್ದತಿ ಕಾಯಿದೆ 1961ರಲ್ಲಿ ಆಗಿ, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆಗಳ ಜೊತೆ ತೋಟಿತನವೂ ಹೋಯಿತು. ತಾತನಿಗೆ ಹೆಣ ಕಾಯುವುದು ತಪ್ಪಿತು ಅಂದುಕೊಂಡೆವು. ತಪ್ಪಲಿಲ್ಲ, ಹೆಸರು ಮಾತ್ರ ತಪ್ಪಿತು. ಠಾಣೆಯವರು ಹೇಳಿ ಕಳಿಸಿದರೆ ಅವನು ಹೋಗುತ್ತಲೇ ಇದ್ದ. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. 1995ರ ನಿಯಮಗಳ ಪ್ರಕಾರ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಆದರೆ ಅದು ದೌರ್ಜನ್ಯ ಎಂದು ಮೊದಲು ಯಾರಾದರೂ ಬರೆಯಬೇಕಲ್ಲ? ಹೊಟ್ಟೆನೋವಿಗೆ ಡಿವೈಎಸ್‌ಪಿ ಬರುವುದಿಲ್ಲ.

ಬಂದ ಕಡೆ ಏನಾಯಿತು ಎಂಬುದಕ್ಕೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿದ್ದವು, ಕೊಂದವರು ಯಾರೂ ಇರಲಿಲ್ಲ. ಕೆರೊಲಿನಾದ ಜ್ಯೂರಿಯ ವಾಕ್ಯ ನಮ್ಮ ಕೋರ್ಟಿನಲ್ಲಿ ಬೇರೆ ದಾರಿ ಹಿಡಿದು ಬಂದು ತಲುಪಿತ್ತು.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ತೊಂಬತ್ತರ ದಶಕದಲ್ಲಿ ನಾನು ಈ ನಾಲ್ಕು ತಾಲ್ಲೂಕುಗಳಲ್ಲೇ ಒಂದು ಕಡೆ ಮೇಷ್ಟ್ರಾಗಿದ್ದೆ. ಸರ್ಕಾರಿ ನೌಕರರನ್ನು ಪಂಚರಾಗಿ ಕರೆಯುವುದು ಪೊಲೀಸರಿಗೆ ಅನುಕೂಲ, ಕೋರ್ಟಿನಲ್ಲಿ ತಿರುಗಿಬೀಳುವುದಿಲ್ಲ ಅಂತ. ಒಂದು ದಿನ ಸ್ಕೂಲಿಗೆ ಜೀಪು ಬಂತು. ಹೆಡ್‌ಮಾಸ್ಟರು ನನ್ನನ್ನು ಕಳಿಸಿದರು. ಕಡಲೆಕಾಯಿ ಹೊಲದ ಬದುವಿನಲ್ಲಿ ಒಬ್ಬ ಕೂಲಿಯವನ ಹೆಣ, ಪಕ್ಕದಲ್ಲಿ ಔಷಧಿಯ ಡಬ್ಬ. ನನಗೆ ಕುರ್ಚಿ ತರಿಸಿ ಹಾಕಿದರು. ನಮ್ಮ ಮನೆತನದಲ್ಲಿ ಮಹಜರಿನ ಜಾಗದಲ್ಲಿ ಕುರ್ಚಿ ಕಂಡ ಮೊದಲನೆಯವನು ನಾನು ಎಂಬುದು ಆ ಹೊತ್ತಿನಲ್ಲೂ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ. ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದಿದ್ದೆ. ಹೆಣವನ್ನು ಎತ್ತಿ ತಿರುಗಿಸಿದವನು ಆ ಊರಿನ ಕೇರಿಯವನು, ನನ್ನ ವಯಸ್ಸಿನವನೇ. ಬರೆದದ್ದನ್ನು ಓದಿ ಹೇಳಿದರು. ಹೊಟ್ಟೆನೋವು ಇತ್ತು, ಜಿಗುಪ್ಸೆ ಇತ್ತು, ಅನುಮಾನ ಇರಲಿಲ್ಲ. ರುಜು ಹಾಕಿದೆ. ಇನ್ನೊಬ್ಬ ಪಂಚರು ಬಸ್ಸು ತಪ್ಪುತ್ತದೆಂದು ಅವಸರ ಮಾಡುತ್ತಿದ್ದರು.

ಆಂಬುಲೆನ್ಸು ಇಲ್ಲದೆ ಟ್ರ್ಯಾಕ್ಟರಿನ ಟ್ರೈಲರಿಗೆ ಹೆಣ ಹಾಕಿದರು. ಅವನು ಕೈ ತೊಳೆಯಲು ನೀರಿಗಾಗಿ ನಿಂತಿದ್ದ, ಯಾರೋ ದೂರದಿಂದ ಹುಯ್ದರು. ನಾನು ಜೀಪಿನ ಹತ್ತಿರ ಹೋಗುತ್ತಿರುವಾಗ ಹಿಂದೆಯೇ ಬಂದ.

"ಮೇಷ್ಟ್ರೇ, ಬೆನ್ನು ನೋಡಿದ್ರಾ?" ಅಂದ.

ನಾನು ಏನೋ ಕೇಳಿಸದವನ ಹಾಗೆ ಜೀಪು ಹತ್ತಿದೆ. ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಅಲ್ಲೇ ನಿಂತಿದ್ದ.